ಅವ್ವ ಬರುವ ಶ್ರಾವಣ

ಆಗೆಲ್ಲ ನಮ್ಮ ಮನೆಯೊಳಗೆ ಒಂದು ತಿಂಗಳು, ಹೊಸ್ತಿಲಾಚೆ ಇನ್ನೊಂದು ತಿಂಗಳು ಇರುತ್ತಿತ್ತು. ಅದು ನನಗೆ ಗೊತ್ತಾದದ್ದು ಅವ್ವ ಬಾಣಂತನಕ್ಕೆಂದು ವಿಜಯಪುರದ ತವರಿಗೆ ಹೋದ ವರ್ಷ. ಅಪ್ಪ ಬನಾರಸಿನಲ್ಲಿ ರೈಲ್ವೆ ನೌಕರ. ಜಂಗಮವಾಡಿಯ ಗಲ್ಲಿಯಲ್ಲಿ ನಮ್ಮ ಬಾಡಿಗೆ ಮನೆ.

ಫೋನಿನಲ್ಲಿ ಅವ್ವ ಹೇಳಿದ್ದಳು: "ಆಷಾಢದಾಗ ಕೂಸಿನ್ನ ಕರಕೊಂಡು ಹೊಂಡಬಾರ್ದು ಅಂತಾರ ಪುಟ್ಟಿ. ಶ್ರಾವಣ ಹತ್ತಿದ ಕೂಡ್ಲೇ ಬರ್ತೀನಿ."

ಗುರುಪೂರ್ಣಿಮೆಯ ಮರುದಿನವೇ ಗಲ್ಲಿಯ ತುಂಬ ಗಂಗಾಜಲದ ಕಾವಡಿ ಹೊತ್ತ ಕೇಸರಿ ಅಂಗಿಯವರು, ಒದ್ದೆ ಚೆಂಡುಹೂವಿನ ವಾಸನೆ. ಹಾಲಿನವನು, "ಸಾವನ್ ಲಗ್ ಗಯಿಲ್, ಬಿಟಿಯಾ" ಅಂದ, ಶ್ರಾವಣ ಹತ್ತಿತೆಂದು. ನಾನು ಹೊಸ ಫ್ರಾಕ್ ತೊಟ್ಟು, ಸೊಟ್ಟಸೊಟ್ಟಾಗಿ ಜಡೆ ಹೆಣೆದುಕೊಂಡು ಬಾಗಿಲಲ್ಲಿ ಕೂತೆ. ಸಂಜೆ ಅಪ್ಪ ಒಬ್ಬನೇ ಬಂದ. ಬಿಕ್ಕಿ ಬಿಕ್ಕಿ ಅತ್ತೆ.

ಕಾಶಿವಾಸಕ್ಕೆಂದು ಬಂದು ಕೆಳಗಿನ ಕೋಣೆಯಲ್ಲಿದ್ದ ಬಸಮ್ಮಜ್ಜಿ ತಲೆ ಸವರಿದಳು. "ಇಲ್ಲಿ ಹುಣ್ಣಿವಿ ಮರುದಿನಾನ ಶ್ರಾವಣ ಹತ್ತತೈತಿ ತಂಗಿ. ನಮ್ಮ ಕಡೆ ಅಮಾಸಿ ಆಗಬೇಕು. ನಿಮ್ಮವ್ವ ಹೇಳಿದ್ದು ನಮ್ಮ ಶ್ರಾವಣ."

ಎರಡು ಶ್ರಾವಣಗಳ ನಡುವಿನ ಆ ದಿನಗಳು ಯಾರಿಗೂ ಸೇರದವು ಅನ್ನಿಸಿತು, ನನ್ನ ಹಾಗೆ. ಶಾಲೆಯ ಗೆಳತಿಯರು ಮದರಂಗಿ ಹಚ್ಚಿಕೊಂಡು ಜೋಕಾಲಿ ಆಡುತ್ತಿದ್ದರು, ನನಗಿನ್ನೂ ಆಷಾಢ. ಅದಕ್ಕೇ ನನ್ನದೇ ಒಂದು ಪಂಚಾಂಗ ಮಾಡಿದೆ. ಬೆಳಿಗ್ಗೆ ಮೋಡದ ಸಂದಿಯಲ್ಲಿ ಕಂಡ ಚಂದ್ರನನ್ನು ಮಾಳಿಗೆ ಮೆಟ್ಟಿಲಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದೆ. ದಿನಗಳಿಗೆ ನಾನಿಟ್ಟ ಹೆಸರು: ರೊಟ್ಟಿ, ಮುರಿದ ರೊಟ್ಟಿ, ಕಡುಬು, ಉಗುರು. ಲೋಕದ ತಿಂಗಳು ಹುಣ್ಣಿಮೆಗೋ ಅಮಾವಾಸ್ಯೆಗೋ ಹುಟ್ಟಲಿ, ನನ್ನದು ಅವ್ವ ಬಂದ ದಿನವೇ ಹುಟ್ಟಬೇಕೆಂದು ಕಾನೂನು ಮಾಡಿದೆ. ಕೆಳಗೆ ಅಪ್ಪನ ಖಿಚಡಿ ಸೀದ ವಾಸನೆ. ನಾನು ಮಾತ್ರ ಆ ಚಂದ್ರನಿಗೆ, ಬೇಗ ಕರಗಬಾರದೇನೋ ಎಂದು ಬೈಯುತ್ತ ನಿಲ್ಲುತ್ತಿದ್ದೆ.

ಅಮಾವಾಸ್ಯೆ ಕಳೆಯಿತು, ಅವ್ವ ಬಂದಳು. ರಿಕ್ಷಾದಿಂದ ಇಳಿದವಳ ಎದೆಗೆ ಅವುಚಿಕೊಂಡಿದ್ದ ತಮ್ಮ. ಓಡಿಹೋಗಿ ತಬ್ಬಿಕೊಳ್ಳಲು ಜಾಗವೇ ಇರಲಿಲ್ಲ.

"ಎಷ್ಟು ದೊಡ್ಡಾಕಿ ಆಗೀಯವ್ವಾ! ತಮ್ಮನ್ನ ಹಿಡಿ" ಎಂದು ಬಜೆ ವಾಸನೆಯ ಕೂಸನ್ನು ನನ್ನ ಕೈಗಿಟ್ಟಳು. ಪಂಚಾಂಗ ತೋರಿಸಬೇಕೆಂದಿದ್ದೆ. ದೊಡ್ಡಾಕಿಯಾದವಳು ಅಂಥದ್ದನ್ನೆಲ್ಲ ತೋರಿಸಬಾರದು ಅನ್ನಿಸಿತು.

ಈಗ ನಾನೂ ಇದೇ ಊರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೇನೆ. ಇಲ್ಲಿಯ ಶ್ರಾವಣ, ನಮ್ಮ ಶ್ರಾವಣ ಎರಡನ್ನೂ ಮೊಬೈಲು ತಪ್ಪದೆ ತಿಳಿಸುತ್ತದೆ. ಅವ್ವ ತೀರಿಕೊಂಡ ಮೇಲೆ ದಿನಗಳು ತಾವಾಗಿಯೇ ಬೇಗ ಕಳೆಯುತ್ತವೆ. ಜಡೆ ಹೆಣೆದುಕೊಂಡು ನಾನು ಬಾಗಿಲಲ್ಲಿ ಕೂತು ಕಾಯಬೇಕಾದವರು ಈಗ ಯಾರೂ ಇಲ್ಲ.