ಹೊಸಿಲು ದಾಟದ ಪೆಟ್ಟಿಗೆ

ಈರಪ್ಪ ಮಾವ, ನೀವು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ನಮ್ಮೂರ ನೀರಿನ ಗುಟ್ಟನ್ನು ಹೊರಗಿನವರಿಗೆ ಕೊಟ್ಟವಳು ನಾನು. ಅದು ಗೊತ್ತಿದ್ದೂ ನಿಮ್ಮ ಹೆಸರು ಕೆಡಲು ಬಿಟ್ಟವಳೂ ನಾನೇ.

ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು — ಥೂ, ನನ್ನ ಜನ್ಮಕ್ಕೆ. ಮುಂದಿನದನ್ನು ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಪ್ರತಿ ಸಲವೂ ಅದು ಬೇರೆಯಾಗುತ್ತದೆ. ಒಮ್ಮೆ ನಾನು ಕಳ್ಳಿ, ಒಮ್ಮೆ ಪೆದ್ದಿ, ಒಮ್ಮೆ ಏನೂ ಮಾಡದವಳು. ನಾಳೆ ಸಂಘದ ಸಭೆಯಲ್ಲಿ ಇದನ್ನು ಎಲ್ಲರೆದುರು ಓದಬೇಕೆಂದಿದ್ದೇನೆ. ಅಲ್ಲಿ ಕೂಡುವ ಹೊಸಬರಿಗೆ ಹಳೆಯದೇನೂ ಗೊತ್ತಿಲ್ಲ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಗಣಿ ಜೋರಾಗಿದ್ದ ಕಾಲ ಅದು. ಸಂಡೂರಿನ ಕಡೆ ಹಗಲೆಲ್ಲ ಅದಿರಿನ ಲಾರಿಗಳು. ಚೋರನೂರಿನ ಆಚೆಗಿರುವ ನಮ್ಮೂರಲ್ಲೂ ಅದರ ಕೆಂಪು ಧೂಳಿಗೆ ಬಿಳಿ ಎತ್ತು ಯಾವುದು, ಕೆಂದೆತ್ತು ಯಾವುದು ತಿಳಿಯುತ್ತಿರಲಿಲ್ಲ. ಆಗ ನಮ್ಮವರು ನೀರಿನ ಸಂಘ ಕಟ್ಟಿದರು. ಒಂದು ಬೋರಿನ ನೀರನ್ನು ಅಕ್ಕಪಕ್ಕದ ಹೊಲದವರು ಸರದಿಯ ಮೇಲೆ ಹಂಚಿಕೊಳ್ಳುವುದು, ಇಷ್ಟೇ ಅದರ ಕೆಲಸ. ಅದಕ್ಕೆ ಯಾರ ಬೋರು ಎಷ್ಟು ಆಳ, ನೀರು ಎಲ್ಲಿ ತಾಗಿತು, ಯಾವಾಗ ಬತ್ತುತ್ತದೆ, ಸೆಲೆ ಯಾವ ಕಡೆಗೆ ಹೋಗಿದೆ ಎಂಬುದೆಲ್ಲ ಒಂದು ಕಡೆ ಇರಬೇಕಿತ್ತು. ಎಲ್ಲರೂ ಸೇರಿ ಒಂದು ಕಂಪ್ಯೂಟರ್ ತಂದರು. ಅದನ್ನು ಕಲಿತು ಬಂದಿದ್ದವಳು ಊರಿಗೆಲ್ಲ ನಾನೊಬ್ಬಳೇ. ಒಬ್ಬೊಬ್ಬರಾಗಿ ಬಂದು, ಕೂತು, ದನಿ ತಗ್ಗಿಸಿ ತಮ್ಮ ಹೊಲದ ಒಳಗುಟ್ಟು ಹೇಳಿದರು. ನಾನು ಕೀಲಿ ಒತ್ತುತ್ತಾ ಹೋದೆ. ಒಡಹುಟ್ಟಿದವರಿಗೂ ಹೇಳದ್ದನ್ನು ಆ ಪೆಟ್ಟಿಗೆಗೆ ಹೇಳಿದರು.

ಸುಮ್ಮನೆ ಹೇಳಲಿಲ್ಲ. ಮೊದಲು ಎಲ್ಲರೂ ವಿಭೂತಿ ಮುಟ್ಟಿ ಆಣೆ ಮಾಡಿದ್ದೆವು — ಈ ಲೆಕ್ಕ ಊರಿನದು, ಎಲ್ಲರೂ ಒಪ್ಪದೆ ಯಾರಿಗೂ ತೋರಿಸುವಂತಿಲ್ಲ. ಆಮೇಲೆ ನೀವು ಎದ್ದು ನಿಂತಿರಿ.

"ಪೆಟ್ಟಿಗಿ ಹೊಸ್ತಿಲ ದಾಟಬಾರ್ದು ನೋಡ್ರಿ. ಕೆಟ್ರೂ ಇಲ್ಲೇ ಕೆಡ್ಲಿ. ರಿಪೇರಿ ಮಾಡಾವ ಬೇಕಾದ್ರ ಇಲ್ಲಿಗೇ ಬರ್ಲಿ."

ಎಲ್ಲರೂ ಹೌದು ಎಂದರು. ಪೆಟ್ಟಿಗೆ ಇಟ್ಟ ಕೋಣೆಯ ಕೀಲಿಕೈ ನಿಮ್ಮ ಉಡದಾರಕ್ಕೆ ಬಂತು. ನೀವು ಅಮಾವಾಸ್ಯೆಗೊಮ್ಮೆ ಪೆಟ್ಟಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದಿರಿ. ಮಧ್ಯಾಹ್ನದ ನಿದ್ದೆಯನ್ನೂ ಆ ಬಾಗಿಲಿಗೆ ಅಡ್ಡ ಮಲಗಿಯೇ ಮಾಡುತ್ತಿದ್ದಿರಿ.

ಹೊಸಬರಿಗೆ ಇನ್ನೊಂದು ಹೇಳಬೇಕು, ಅವರು ನಂಬಲಿಕ್ಕಿಲ್ಲ. ಈರಪ್ಪ ಮಾವ ಆಗ ಊರಿಗೇ ದೊಡ್ಡ ಮಾತುಗಾರ. ಚಹಾದಂಗಡಿಯ ಕಟ್ಟೆಯ ಮೇಲೆ ಅವರು ಕೂತರೆ, ಕೇಳುತ್ತಾ ಬಸ್ಸು ತಪ್ಪಿಸಿಕೊಂಡವರಿದ್ದಾರೆ. ಲಾರಿಯವರನ್ನೂ ಬಿಡುತ್ತಿರಲಿಲ್ಲ. "ಲೇ ತಮ್ಮಾ, ಗುಡ್ಡಾ ಪೂರಾ ಒಯ್ಯಬ್ಯಾಡ್ರಲೇ! ಸೂರ್ಯ ಮುಳುಗಾಕ ಒಂದೀಟು ಜಾಗ ಬಿಡ್ರಿ!" ಡ್ರೈವರುಗಳು ನಗುತ್ತಾ ಹಾರ್ನ್ ಹೊಡೆದು ಹೋಗುತ್ತಿದ್ದರು.

ಕೆಂಪು ಧೂಳು ಕಂಪ್ಯೂಟರಿನ ಒಳಗೂ ಹೊಕ್ಕಿತು. ಒಂದು ದಿನ ಒಳಗಿನಿಂದ ಕಟಕಟ ಎಂದಿತು, ಆಮೇಲೆ ಏಳಲೇ ಇಲ್ಲ. ಹೊಸಪೇಟೆಯ ರಿಪೇರಿಯವನಿಗೆ ಫೋನ್ ಮಾಡಿದೆವು. ಗಣಿ ಆಫೀಸುಗಳ ಕೆಲಸವೇ ಅವನಿಗೆ ಕೈತುಂಬ ಇತ್ತು. ನಾಳೆ ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಲೇ ಇದ್ದ. ಇತ್ತ ಸರದಿ ತಪ್ಪಿತು. ಇವತ್ತು ನನ್ನದು, ಅಲ್ಲ ನನ್ನದು ಎಂದು ಹೊಲದಲ್ಲಿ ಸಲಿಕೆ ಎತ್ತುವ ತನಕ ಹೋಯಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಸಭೆ ಕರೆದು ಕೇಳಬಹುದಿತ್ತು — ಕೇಳಬೇಕಿತ್ತು. ನಾನು ಕೇಳಲಿಲ್ಲ. ಹೊಸಿಲು ದಾಟಬಾರದ್ದು ಪೆಟ್ಟಿಗೆ ತಾನೆ, ಅದು ಇಲ್ಲೇ ಇರಲಿ ಎಂದುಕೊಂಡೆ.

ಪೆಟ್ಟಿಗೆ ಬಿಚ್ಚಿ, ಲೆಕ್ಕವೆಲ್ಲ ಇದ್ದ ಹಾರ್ಡ್ ಡಿಸ್ಕ್ ಅಷ್ಟನ್ನೇ ತೆಗೆದೆ. ಅಂಗೈಯಗಲದ ವಸ್ತು. ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿನೊಳಗೆ ಊಟದ ಡಬ್ಬಿಯ ಕೆಳಗಿಟ್ಟೆ. ಖಾಲಿ ಪೆಟ್ಟಿಗೆಯನ್ನು ಮುಚ್ಚಿ, ಮೇಲೆ ಬಟ್ಟೆ ಹೊದಿಸಿದೆ. "ಒಳಗ ಧೂಳ ಒರಸೀನಿ ಮಾವ, ನಾ ಬರೂತನಕ ಯಾರೂ ಮುಟ್ಟಬ್ಯಾಡ್ರಿ," ಎಂದೆ. ನೀವು ಬೀಗ ಹಾಕಿ, ಜಗ್ಗಿ ನೋಡಿದಿರಿ. ಆಮೇಲೆ ನನ್ನ ಬ್ಯಾಗನ್ನು ನೀವೇ ಹೆಗಲಿಗೆ ಹಾಕಿಕೊಂಡು ಬಸ್ಸಿನ ತನಕ ಬಂದಿರಿ.

"ಭಾಳ ಭಾರ ಐತಲ್ಲವಾ ಗೌರಿ. ಹೊಸಪ್ಯಾಟಿಗೆ ಪೂರಾ ಬುತ್ತಿ ಕಟಗೊಂಡು ಹೊಂಟೀ ಏನು?"

ನಾನು ನಕ್ಕೆ.

ಅಂಗಡಿಯಲ್ಲಿ ಜನವೋ ಜನ. ಬಹಳ ಹೊತ್ತು ಕಾದ ಮೇಲೆ ಅವನು ನಮ್ಮ ಲೆಕ್ಕವನ್ನು ಹೊಸ ಡಿಸ್ಕಿಗೆ ಇಳಿಸಿ, ಸರಿ ಬಂದಿದೆಯೇ ನೋಡಿರಿ ಎಂದು ತೆರೆದು ತೋರಿಸಿದ. ನಮ್ಮೂರ ಹೊಲಗಳು, ಬೋರುಗಳು, ಅವುಗಳ ನಡುವೆ ನಾನು ನೀಲಿಯಲ್ಲಿ ಎಳೆದಿದ್ದ ಸೆಲೆಗಳು. ಅಲ್ಲೇ ಬೇರೆ ಕೆಲಸಕ್ಕೆ ಕೂತಿದ್ದ ಒಬ್ಬ ಎದ್ದು ಬಂದ. ಇಸ್ತ್ರಿ ಮಾಡಿದ ಅಂಗಿ, ಬೂಟಿನ ಮೇಲೆ ಮಾತ್ರ ಕೆಂಪು ಧೂಳು.

"ಇದನ್ನ ಯಾರು ಮಾಡಿದ್ರು?"

"ನಾನ ರೀ."

"ಮಸ್ತ್ ಮಾಡೀರಲ್ರಿ! ನಮ್ಮ ಆಫೀಸಿನಾಗೂ ಹಿಂಗ ಮಾಡಾವ್ರಿಲ್ಲ."

ಮಾವ, ಆ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಊರಲ್ಲಿ ನಾನು ಕೀಲಿ ಒತ್ತುವ ಹುಡುಗಿ ಅಷ್ಟೇ. ಅವನು ಮುಂದುವರಿಸಿದ. "ಮತ್ತ ಕೆಟ್ರ ಏನ್ ಮಾಡ್ತೀರಿ? ಒಂದು ಕಾಪಿ ನನ್ನತ್ರ ಇಟ್ಕೊಳ್ಳಲೇನು?"

"ಇಟ್ಕೊಳ್ರಿ," ಎಂದೆ.

ಯಾಕೆ ಹಾಗೆಂದೆ? ಹೊಗಳಿದ್ದಕ್ಕೆ ಉಬ್ಬಿಹೋದೆನೆ? ಮತ್ತೆ ಕೆಟ್ಟರೆ ಗತಿಯೇನು ಎಂಬ ಹೆದರಿಕೆಯೆ? ದೊಡ್ಡವರೆದುರು ಇಲ್ಲ ಎನ್ನಲು ನಾಲಿಗೆ ಏಳಲಿಲ್ಲವೆ? ಕೂತು ಕೂತು ಕೇಳಿಕೊಂಡಿದ್ದೇನೆ — ಒಂದೊಂದು ದಿನ ಒಂದೊಂದು ಉತ್ತರ. ನಮ್ಮದು ನಮ್ಮ ಕೈಯಲ್ಲೇ ಇತ್ತು, ಒಂದು ಅಕ್ಷರವೂ ಕಡಿಮೆಯಾಗಿರಲಿಲ್ಲ. ಜೋಳದ ಚೀಲ ಕೊಟ್ಟರೆ ಚೀಲ ಹೋಗುತ್ತದೆ. ಇದರಲ್ಲಿ ಏನು ಹೋಯಿತು? ಬಸ್ಸಿನಲ್ಲಿ ಬರುವಾಗ ಬ್ಯಾಗಿಗೆ ಕೈಹಾಕಿ ಡಿಸ್ಕನ್ನು ಮುಟ್ಟಿ ಮುಟ್ಟಿ ನೋಡಿದೆ. ಇತ್ತು.

ಊರಿಗೆ ಬಂದರೆ ಅಂದು ಅಮಾವಾಸ್ಯೆ. ನೀವು ಆ ಖಾಲಿ ಪೆಟ್ಟಿಗೆಗೆ ಪೂಜೆ ಮಾಡಿ ಕಾಯಿ ಒಡೆದಿದ್ದಿರಿ. "ತಗೋ, ಪೆಟ್ಟಿಗಿ ಪ್ರಸಾದ," ಎಂದು ನನ್ನ ಕೈಗೂ ಒಂದು ಚೂರು ಹಾಕಿದಿರಿ. ತಿಂದೆ. ಒಳಗೆ ಹೋಗಿ ಡಿಸ್ಕ್ ಜೋಡಿಸಿದೆ, ಕಂಪ್ಯೂಟರ್ ಎದ್ದಿತು, ಎಲ್ಲರೂ ಚಪ್ಪಾಳೆ ಹೊಡೆದರು.

ಬೇಸಿಗೆಯ ಹೊತ್ತಿಗೆ ನಿಮ್ಮ ಹೊಲದ ಪಕ್ಕದ ಬೀಳು ಜಮೀನು ಮಾರಾಟವಾಯಿತು. ಅದರ ಒಡೆಯರು ಎಂದೋ ಕಂಪ್ಲಿಗೆ ಹೋಗಿ ನೆಲೆಸಿದವರು. ಕೊಂಡವರು ಗಣಿಯವರು. ಬೋರು ಕೊರೆಯುವ ಲಾರಿ ಬಂತು. ಅತ್ತ ಇತ್ತ ನೋಡಲಿಲ್ಲ, ಸೀದಾ ನಿಮ್ಮ ಬೇಲಿಯ ಮೂಲೆಗೆ ಹೋಗಿ ನಿಂತಿತು. ನಾನು ನೀಲಿ ಗೆರೆ ಎಳೆದಿದ್ದು ಅಲ್ಲೇ. ನಮ್ಮ ಯಾವ ಬೋರಿಗೂ ಇಲ್ಲದಷ್ಟು ಆಳಕ್ಕೆ ಕೊರೆದರು. ಟ್ಯಾಂಕರುಗಳು ಸಾಲುಗಟ್ಟಿ ನೀರು ತುಂಬಿಕೊಂಡು ಗಣಿಗೆ ಹೋದವು. ಎಲ್ಲರಿಗಿಂತ ಮೊದಲು ಬರೀ ಗಾಳಿ ಉಗುಳಿದ್ದು ನಿಮ್ಮ ಬೋರು.

ಸಭೆ ಕೂಡಿತು. ಗಣಿಯವರಿಗೆ ಗೊತ್ತಾದದ್ದು ಹೇಗೆ? ಬೀಗ ಮುರಿದಿಲ್ಲ, ಪೆಟ್ಟಿಗೆ ಹೊಸಿಲು ದಾಟಿಲ್ಲ. ಹಾಗಾದರೆ ಯಾರದೋ ಬಾಯಿಂದಲೇ ಹೋಗಿರಬೇಕು. ಪೆಟ್ಟಿಗೆ ಇದ್ದಲ್ಲೇ ಇದ್ದೂ ಅದರೊಳಗಿನದು ಹೋಗಬಹುದೆಂದು ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ನಿಮ್ಮನ್ನು ಯಾರೂ ಕಳ್ಳ ಎನ್ನಲಿಲ್ಲ. "ಈರಪ್ಪಂದು ಬಾಯಿ ಸಡ್ಲ, ಎಲ್ಲ್ಯೋ ಜಾರೈತಿ," ಎಂದು ಒಬ್ಬರು ಅಂದರು, ಉಳಿದವರು ನೆಲ ನೋಡಿದರು. ನೀವು ರೇಗಿ ಎದ್ದಿರಿ, ಎರಡು ಮಾತು ಬೈದಿರಿ, ಆಮೇಲೆ — ನಡುವೆಯೇ ನಿಂತುಬಿಟ್ಟಿರಿ. ಏನನ್ನೋ ನೆನಪು ಮಾಡಿಕೊಳ್ಳುವವರ ಹಾಗೆ ಹಣೆ ಉಜ್ಜಿಕೊಂಡಿರಿ. ಉಡದಾರದಿಂದ ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟಿರಿ.

ನನ್ನ ನಾಲಿಗೆ ತುದಿಗೆ ಬಂದಿತ್ತು ಮಾವ. ಬಂದಿತ್ತು, ಹೊರಗೆ ಬರಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಿರಿ. "ಗೌರವ್ವಾ, ನೀ ಓದಿದಾಕಿ. ಮನಷ್ಯಾ ತನಗ ಗೊತ್ತಿಲ್ದಂಗ ಮಾತು ಬಿಟ್ಟುಕೊಡ್ತಾನೇನು? ಲಾರಿಯವರ ಜೋಡಿ ಏನೇನೋ ಮಾತಾಡ್ತಿದ್ನೆಲ್ಲ... ನನಗ ನೆಪ್ಪ ಆಗವಲ್ದು."

ನಾನು ಹೇಳಿದ್ದು ನಿಮಗೂ ನೆನಪಿರಬೇಕು.

"ಆಗ್ತೈತಿ ಮಾವ. ಒಮ್ಮೊಮ್ಮೆ ಆಗ್ತೈತಿ."

ನೀವು ನಂಬಿದಿರಿ. ಊರು ನಂಬಿದ್ದು ಹಾಗಿರಲಿ, ನಿಮ್ಮ ಬಾಯಿಯ ಮೇಲೆ ನಿಮಗೇ ನಂಬಿಕೆ ಹೋಯಿತು. ಅಂದಿನಿಂದ ಚಹಾದಂಗಡಿಯ ಕಟ್ಟೆ ಹತ್ತಲಿಲ್ಲ. ಕೇಳಿದರೆ ಹೂಂ, ಇಲ್ಲವೆ ಬ್ಯಾಡ, ಅಷ್ಟೇ ಮಾತು. ನಮ್ಮಜ್ಜ ಮೊದಲಿಂದಲೂ ಹೀಗೆಯೇ ಮೂಕಬಸವನಂತೆ ಇದ್ದರೆಂದು ನಿಮ್ಮ ಮೊಮ್ಮಕ್ಕಳು ತಿಳಿದಿದ್ದಾರೆ.

ಅಂಗಡಿಯಲ್ಲಿ ಕಾಪಿ ಇಟ್ಟುಕೊಂಡವನು ಜಮೀನು ಕೊಂಡ ಗಣಿಯವನೇ ಹೌದೋ ಅಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಮತ್ತೆ ಅವನನ್ನು ಕಾಣಲಿಲ್ಲ. ಅವರ ಹತ್ತಿರ ಯಂತ್ರಗಳಿದ್ದವು, ಎಂಜಿನಿಯರುಗಳಿದ್ದರು, ತಾವಾಗಿಯೇ ಹುಡುಕಿಕೊಂಡರೇನೋ. ಇದನ್ನೇ ಹಿಡಿದುಕೊಂಡು ಎಷ್ಟೋ ವರ್ಷ ದೂಡಿದೆ. ಆದರೆ ಬಾಗಿಲಲ್ಲಿ ನಿಮಗೆ ಹೇಳಿದ ಮಾತಿದೆಯಲ್ಲ, ಅದರಲ್ಲಿ ಏನೋ, ಎಂತೋ ಎನ್ನುವುದಿಲ್ಲ. ಅದು ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಈಗ ಇನ್ನೊಂದು ಕಂಪನಿಯವರು ಬಂದಿದ್ದಾರೆ. ಸಂಘದ ಲೆಕ್ಕವನ್ನೆಲ್ಲ ತಾವೇ ಇಟ್ಟುಕೊಂಡು, ಬೇಕಾದಾಗ ಫೋನಿನಲ್ಲಿ ತೋರಿಸುತ್ತಾರಂತೆ, ಪುಕ್ಕಟೆ. "ನಿಮ್ಮದು ನಿಮ್ಮ ಹತ್ತಿರವೇ ಇರುತ್ತೆ, ನಮ್ಮ ಹತ್ತಿರ ಬರೀ ಒಂದು ಕಾಪಿ," ಎಂದರು. ನಾಳೆ ಇದನ್ನು ಸಭೆಗೆ ವಿವರಿಸುವ ಕೆಲಸ ನನ್ನದೇ. ಬೇಕೋ ಬೇಡವೋ — ನಿಜವಾಗಿಯೂ ನನಗೆ ತಿಳಿಯುತ್ತಿಲ್ಲ. ನಮ್ಮ ಯಂತ್ರವೂ ಕೆಡುತ್ತದೆ, ಸರದಿಯೂ ತಪ್ಪುತ್ತದೆ, ಜಗಳವೂ ಆಗುತ್ತದೆ. ಆದರೆ ಹೂಂ ಎನ್ನುವುದಿದ್ದರೂ ಊರೇ ಕೂಡಿ ಎನ್ನಲಿ. ಎನ್ನುವ ಮೊದಲು, ಒಬ್ಬಳೇ ಎಂದುಬಿಟ್ಟವಳ ಕಥೆ ಅವರಿಗೆ ಗೊತ್ತಿರಲಿ.

ಕ್ಷಮಿಸಿರೆಂದು ಕೇಳುವುದಿಲ್ಲ. ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ, ಇದನ್ನು ಮೊದಲು ನಿಮಗೊಬ್ಬರಿಗೇ ಓದುತ್ತೇನೆ. ಆಮೇಲೆ ಸಭೆಗೆ ಬನ್ನಿ ಮಾವ, ನಾನು ಎಲ್ಲರೆದುರು ಓದಿ ಮುಗಿಸುವ ತನಕ ಕೂತಿರಿ. ಮುಗಿದ ಮೇಲೆ ನನ್ನನ್ನು ಬೈಯಿರಿ. ಮಾತನ್ನು ತೂಗಿ ನೋಡಬೇಡಿ, ಅರ್ಧಕ್ಕೆ ನಿಲ್ಲಿಸಬೇಡಿ. ಚಹಾದಂಗಡಿಯ ತನಕ ಕೇಳುವ ಹಾಗೆ ಬೈಯಿರಿ.