ಬಾವಿಗೆ ಸಾಕ್ಷಿ

ದಿಕ್ಕುಗಳ ವಿಷಯದಲ್ಲಿ ನಾನು ಶುದ್ಧ ದಡ್ಡ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾಜಾಜಿನಗರದಲ್ಲಿ ಆಗಷ್ಟೇ ಎದ್ದ ಹೊಸ ಮನೆಗಳ ಸಾಲಿಗೆ ನಾವು ಬಂದ ಮೊದಲ ತಿಂಗಳು, ಕಚೇರಿ ಮುಗಿಸಿ ಬಂದವನು ಎರಡು ಸಲ ಪಕ್ಕದ ಅಡ್ಡರಸ್ತೆಯ ಮನೆಗೆ ನುಗ್ಗಿ, ಚಪ್ಪಲಿ ಬಿಟ್ಟು, ಕಾಫಿ ಕೇಳಿದ್ದೇನೆ. ಸಾಲಿಗೆಲ್ಲ ಒಂದೇ ಹಸಿರು ಬಾಗಿಲು ಇಟ್ಟರೆ ಮನುಷ್ಯ ಏನು ಮಾಡಬೇಕು? ಎರಡನೆಯ ಸಲ ಆ ಮನೆಯವರು ಕಾಫಿ ಕೊಟ್ಟೇ ಕಳಿಸಿದರು. ಅದು ನಮ್ಮ ಮನೆಯದಕ್ಕಿಂತ ಚೆನ್ನಾಗಿತ್ತು ಎಂಬ ಸತ್ಯವನ್ನು ನಾನು ನಮ್ಮ ಮನೆಯಲ್ಲಿ ಹೇಳಬಾರದಿತ್ತು.

ಇಂಥ ನಾನು ಒಂದು ಭಾನುವಾರ ಹಳೇ ಪುಸ್ತಕದ ಅಂಗಡಿಯಿಂದ ನಕ್ಷೆಯೊಂದನ್ನು ಕೊಂಡು ತಂದೆ. ಬಟ್ಟೆಗೆ ಅಂಟಿಸಿದ, ಮಡಿಕೆಗಳಲ್ಲಿ ಸವೆದ, ಅಂಗುಲಕ್ಕೊಂದು ಮೈಲಿ ಲೆಕ್ಕದ, ಇಂಗ್ಲಿಷ್ ಅಕ್ಷರದ ಸರ್ವೆ ನಕ್ಷೆ. ನಮ್ಮ ತಾತ ಅಂಬೆಗಾಲಿಡುತ್ತಿದ್ದ ಕಾಲದ್ದಿರಬೇಕು. ಕಂದು ಗೆರೆಗಳು ಒಂದರೊಳಗೊಂದು ಸುತ್ತಿಕೊಂಡಿದ್ದರೆ ಅಲ್ಲಿ ಗುಡ್ಡ. ನೀಲಿ ಇದ್ದರೆ ನೀರು. ಇಷ್ಟು ನನಗೂ ತಿಳಿಯಿತು.

“ನಮ್ಮನೆ ದಾರಿ ತೋರ್ಸೋ ನಕ್ಷೆ ಸಿಗಲಿಲ್ವಾ?” ಎಂದಳು ಹೆಂಡತಿ.

ಎದುರುಮನೆಯ ಶ್ರೀಕಂಠಯ್ಯ ಹಾಗೆ ಹೇಳುವವರಲ್ಲ. ಅವರು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟರು. ಭೂತಗನ್ನಡಿ ಹಿಡಿದು ನಕ್ಷೆಯ ಮೇಲೆ ತೆವಳಿದರು. ಬ್ಯಾಡರಹಳ್ಳಿ ದಾಟಿ ಮಾಗಡಿ ರಸ್ತೆಯ ಎಡಕ್ಕೆ ಸಣ್ಣದೊಂದು ಗುಡ್ಡ. ಅದರ ಹೆಗಲ ಮೇಲೆ ಉಂಗುರದ ಹಾಗೆ ಒಂದು ಗೋಡೆ, ಮಗ್ಗುಲಿಗೆ ಒಂದು ಹಳ್ಳಿಯ ಹೆಸರು, ಒಂದು ನೀಲಿ ಚುಕ್ಕೆ. ಆ ಹೆಸರಿನ ಹಳ್ಳಿಯನ್ನು ನಾವಿಬ್ಬರೂ ಕೇಳಿರಲಿಲ್ಲ.

“ಕೋಟೆ ಕಣ್ರೀ!” ಎಂದರು ಮೇಷ್ಟರು.

ಆ ವಾರ ಮೇಷ್ಟರ ಬಾಯಲ್ಲಿ ಕೋಟೆಗೊಬ್ಬ ಪಾಳೆಯಗಾರ ಬಂದ. ಮುಂದಿನ ವಾರ ಪಾಳೆಯಗಾರನಿಗೆ ರಾಣಿ ಬಂದಳು. ಮೂರನೆಯ ವಾರ ಶತ್ರುಗಳು ಮುತ್ತಿಗೆ ಹಾಕಲಾಗಿ ಆ ಮಹಾತಾಯಿ ಮಾನ ಉಳಿಸಿಕೊಳ್ಳಲು ನೀಲಿ ಚುಕ್ಕೆಗೆ ಹಾರಿಕೊಂಡಳು. ಇತಿಹಾಸ ಬರೆಯಲು ಮನೆ ಬಿಟ್ಟು ಕದಲಬೇಕಿಲ್ಲ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆದರೂ ನಾಲ್ಕನೆಯ ಭಾನುವಾರ ಬುತ್ತಿ ಕಟ್ಟಿಕೊಂಡು ಇಬ್ಬರೂ ಸೈಕಲ್ ಹತ್ತಿದೆವು.

ಗುಡ್ಡ ಸಿಕ್ಕಿತು. ನಕ್ಷೆ ಹಿಡಿದವನು ನಾನಲ್ಲವಾದ್ದರಿಂದ ಸಿಕ್ಕಿತು. ಆದರೆ ನಕ್ಷೆಯಲ್ಲಿದ್ದಷ್ಟು ಗುಡ್ಡ ಅಲ್ಲಿರಲಿಲ್ಲ. ಒಂದು ಮಗ್ಗುಲಿನಲ್ಲಿ ಕಲ್ಲು ಒಡೆಯುತ್ತಿದ್ದರು. ಕಂದು ಗೆರೆಗಳಲ್ಲಿ ಎರಡು ಆಗಲೇ ಲಾರಿ ಹತ್ತಿ ಬೆಂಗಳೂರಿಗೆ ಹೋಗಿದ್ದವು. ಇನ್ನೊಂದು ಮಗ್ಗುಲಿನಲ್ಲಿ ಸೊಂಟದೆತ್ತರದ ಒರಟು ಕಲ್ಲಿನ ಗೋಡೆ ದುಂಡಗೆ ನಿಂತಿತ್ತು. ಶ್ರೀಕಂಠಯ್ಯನವರು ಚಪ್ಪಲಿ ಕಳಚಿ, ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಯಾರ್ ಸಾಮಿ ನೀವು? ಕಲ್ ಒಡ್ಸೋ ಕಡೆಯೋರಾ?”

ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡ ಮುದುಕಿ. ಹೆಸರು ನಿಂಗಮ್ಮ. ಅಲ್ಲವೆಂದೂ, ಕೋಟೆ ನೋಡಲು ಬಂದವರೆಂದೂ ಹೇಳಿದೆವು.

“ಕ್ವಾಟೆನಾ? ಇದು ನಮ್ ಮಾವ ಕುರಿ ಕೂಡಕ್ಕೆ ಕಟ್ಟಿದ ರೊಪ್ಪ ಕಣ್ ಸಾಮಿ.”

ಮೇಷ್ಟರು ಚಪ್ಪಲಿ ಹಾಕಿಕೊಂಡರು. ಆದರೂ ಸೋಲೊಪ್ಪದೆ, “ಬಾವಿಗೆ ರಾಣಿ ಬಿದ್ದಿದ್ದು ನಿಜ ತಾನೇ?” ಎಂದರು.

“ಒಂದ್ ಕುರಿಮರಿ ಬಿದ್ದಿತ್ತು. ಎತ್ಕೊಂಡ್ವಿ.”

ಬಾವಿ ಮಾತ್ರ ನಿಜವಾಗಿತ್ತು. ಸೇದಿ ಕೊಟ್ಟಳು, ಕುಡಿದೆವು. ಅಂಥ ತಣ್ಣನೆಯ ನೀರು ನಮ್ಮ ಕೊಳಾಯಿ ಕಂಡಿಲ್ಲ. ನಿಂಗಮ್ಮ ಎಳೆಯ ಹುಡುಗಿಯಾಗಿ ಮದುವೆಯಾಗಿ, ನಕ್ಷೆಯಲ್ಲಿ ಹೆಸರಿದ್ದ ಈ ಹಳ್ಳಿಗೆ ಬಂದ ಮರುವರ್ಷವೇ ಪ್ಲೇಗು ಬಂತಂತೆ. ಉಳಿದವರು ಮನೆ ಬಿಟ್ಟು ತಗ್ಗಿನಲ್ಲಿ ಗುಡಿಸಲು ಹಾಕಿಕೊಂಡರು. ಅಲ್ಲಿ ಎಲ್ಲಿ ತೋಡಿದರೂ ಸವಳು ನೀರು. ಹಾಗಾಗಿ ಅಂದಿನಿಂದ ಇಂದಿನವರೆಗೆ ಕುಡಿಯುವ ನೀರಿಗೆ ಇಪ್ಪತ್ತು ಮನೆಯವರು ಇದೇ ಏರು ಹತ್ತುತ್ತಾರೆ. ಈಗ ಕಲ್ಲಿನ ಕಂಟ್ರಾಕ್ಟರನಿಗೆ ಈ ಮಗ್ಗುಲನ್ನೂ ಕೊಟ್ಟಾಗಿದೆ. ಬರುವ ತಿಂಗಳು ಇಲ್ಲಿಯೂ ಸಿಡಿಮದ್ದು.

“ಕಚೇರಿಗೆ ಹೋಗಿ ಹೇಳಬಾರದೇನಮ್ಮ?” ಎಂದೆ.

“ಮೂರ್ ಕಿತ ಹೋಗಿದ್ದೆ. ಊರೇ ಇಲ್ಲ ಅಂತ ಬುಕ್ಕಲ್ಲಿ ಬರ್ದೈತೆ, ಊರೇ ಇಲ್ದ ಮ್ಯಾಲೆ ಬಾವಿ ಎಲ್ಲಿಂದ ಬಂತು ಅಂತಾರೆ. ಕಡೇ ಕಿತ ಒಂದ್ ಬಿಂದಿಗೆ ನೀರೇ ತಕ್ಕೊಂಡೋಗಿ ಮುಂದಿಟ್ಟೆ.”

“ಏನಂದರು?”

“ಕುಡುದ್ರು.”

ಶ್ರೀಕಂಠಯ್ಯನವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ನಾನೂ ಒಂದು ಕಚೇರಿಯ ಗುಮಾಸ್ತ. “ದಾಖಲೆಯಲ್ಲಿಲ್ಲ” ಎಂಬ ಮಂತ್ರವನ್ನು ದಿನಕ್ಕೆ ಹತ್ತು ಸಲ ಜಪಿಸುವವನು. ಆ ಮಾತು ಕೇಳಿ ಮೆಟ್ಟಿಲಿಳಿದು ಹೋದವರು ಆಮೇಲೆ ಎಲ್ಲಿಗೆ ಹೋಗುತ್ತಾರೆಂದು ನಾನು ಯೋಚಿಸಿದವನೇ ಅಲ್ಲ. ಇಷ್ಟು ದೂರದ ಏರು ಹತ್ತುತ್ತಾರೆ ಎಂದು ಅವತ್ತು ತಿಳಿಯಿತು.

ಹಾಗೆಂದು ನಾನು ಅಲ್ಲೇ ವೀರನಾದೆ ಎಂದುಕೊಳ್ಳಬೇಡಿ. ಸರ್ಕಾರದ ಅನ್ನ ತಿನ್ನುವವನು ಸರ್ಕಾರದ ಅಪ್ಪಣೆಗೆ ಅಡ್ಡ ನಿಂತರೆ ಯಾವ ಕಾಡಿಗೆ ವರ್ಗವಾದೀತು ಎಂದು ಎರಡು ದಿನ ಹೆದರಿಕೊಂಡಿದ್ದೆ. ಹೆಂಡತಿಗೆ ಹೇಳಿದೆ. “ದಾರಿ ತಪ್ಪೋದ್ರಲ್ಲಿ ನಿಮಗೆ ಅಭ್ಯಾಸ ಇದೆಯಲ್ಲ, ಎಲ್ಲಿಗೆ ಹಾಕಿದರೇನು? ಹೋಗಿ ಬನ್ನಿ” ಎಂದಳು. ಬುಧವಾರ ಹೊಟ್ಟೆನೋವೆಂದು ರಜೆ ಬರೆದು, ನಿಂಗಮ್ಮನನ್ನು ಕರೆದುಕೊಂಡು ಆ ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ನಾಳೆ ಅವರೂ ನಮ್ಮ ಕಚೇರಿಗೆ ಬರಬೇಕಾದವರು.

ಸಾಹೇಬರು ಮೊದಲು ನಮ್ಮನ್ನು ನೋಡಲಿಲ್ಲ. ನಾನು ನಕ್ಷೆಯನ್ನು ಮೇಜಿನ ಮೇಲೆ ಹರಡಿದೆ. ಇಂಗ್ಲಿಷ್ ಅಕ್ಷರ, ಹಳೆಯ ಮುದ್ರೆ! ಅವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟು ತುಸು ಹೊತ್ತು ಧ್ಯಾನಿಸಿದರು.

“ಬಾವಿ ಇದೆಯಲ್ಲಮ್ಮ! ಮೊದಲೇ ಹೇಳಬಾರದಿತ್ತೇ?”

“ನೀರು ತಂದಿದ್ನಲ್ಲಾ ಸಾಮಿ, ಕುಡುದ್ರಲ್ಲಾ.”

“ನೀರು ಯಾವ ಬಾವಿದಾದ್ರೂ ಆಗಬಹುದು. ಇದು ನಕ್ಷೆ.”

ಹೀಗೆ ತಲೆಮಾರುಗಳ ಬಾಯಾರಿಕೆ ಸಾಧಿಸಲಾರದ್ದನ್ನು ಸಾಸಿವೆಗಿಂತ ಚಿಕ್ಕದೊಂದು ಚುಕ್ಕೆ ಸಾಧಿಸಿತು. ಬಾವಿಯ ಆಸುಪಾಸಿನಲ್ಲಿ ಕಲ್ಲು ಒಡೆಯಕೂಡದೆಂದು ಅಪ್ಪಣೆಯಾಯಿತು. ನಕ್ಷೆ ಫೈಲಿನಲ್ಲಿ ಎರಡು ತಿಂಗಳು ಮಲಗಿದ್ದು, ಕೊನೆಗೆ ಮೈಮೇಲೊಂದು ರಬ್ಬರ್ ಮುದ್ರೆ ಹೊತ್ತು ನನ್ನ ಬಳಿಗೆ ಬಂತು.

ಅದನ್ನು ನಿಂಗಮ್ಮನಿಗೆ ತೋರಿಸಲು ಮೇಷ್ಟರೂ ನಾನೂ ಮತ್ತೆ ಗುಡ್ಡಕ್ಕೆ ಹೋದೆವು. ದೊಡ್ಡ ಕೃತಜ್ಞತೆಯನ್ನೇನೋ ನಿರೀಕ್ಷಿಸಿ ನಾನು ಮುಖವನ್ನು ವಿನಯದಿಂದ ಸಿದ್ಧಮಾಡಿಟ್ಟುಕೊಂಡಿದ್ದೆ. ನಿಂಗಮ್ಮ ನೀರು ಸೇದುತ್ತಲೇ ಕೇಳಿದಳು:

“ಬಾವಿ ತೋಡ್ದೋರ್ ಹೆಸ್ರು ಐತಾ ಅದ್ರಾಗೆ?”

ಇರಲಿಲ್ಲ. ಅಳೆದವರ ಹೆಸರು ಕೆಳಗಡೆ ಸಣ್ಣ ಅಕ್ಷರದಲ್ಲಿ ಇತ್ತು. ಹಾಗೆಂದೆ.

“ಅವ್ರು ಇಲ್ಲಿ ಎಷ್ಟ್ ದಿನ ಇದ್ರು?”

“ಎರಡು ಮೂರು ದಿನ ಇದ್ದಿರಬಹುದು.”

“ನಮ್ಮತ್ತೆ ಮೂರ್ ವರ್ಷ ಮಣ್ ಹೊತ್ತವ್ಳೆ. ಬರೀರಿ, ಕೆಂಪಮ್ಮ ಅಂತ.”

“ಹಳೆಯ ದಾಖಲೆ ಕೆಡಿಸಬಾರದು ಕಣ್ರೀ” ಎಂದು ಶ್ರೀಕಂಠಯ್ಯನವರು ಕೈ ಹಿಡಿಯಲು ಬಂದರು. ರಾಣಿಯನ್ನು ಹುಟ್ಟಿಸಿ, ಬಾವಿಗೂ ತಳ್ಳಿದ ಮನುಷ್ಯ! ನಾನು ಪೆನ್ನು ತೆಗೆದು, ನೀಲಿ ಚುಕ್ಕೆಯ ಪಕ್ಕದಲ್ಲಿ ಕನ್ನಡದಲ್ಲಿ ‘ಕೆಂಪಮ್ಮ’ ಎಂದು ಬರೆದೆ. ಸವೆದ ಕಾಗದದಲ್ಲಿ ಶಾಯಿ ಕೊಂಚ ಹರಡಿತು.

ನಿಂಗಮ್ಮನಿಗೆ ಓದು ಬಾರದು. ಓದಿ ಹೇಳಲು ಹೇಳಿದಳು. ಓದಿದೆ. ಆಮೇಲೆ ನಕ್ಷೆಯನ್ನು ನನ್ನ ಕೈಯಿಂದ ತೆಗೆದು ಮೇಷ್ಟರ ಮುಂದೆ ಹಿಡಿದು, “ನೀವೂ ಒಂದ್ ಕಿತ ಓದಿ ಸಾಮಿ” ಎಂದಳು. ಅವರೂ ‘ಕೆಂಪಮ್ಮ’ ಎಂದರು. ಕಚೇರಿ ಕಂಡು ಬಂದ ಹೆಂಗಸು. ಒಬ್ಬನ ಮಾತು ನಂಬಿಯಾಳೇ? ಇಬ್ಬರ ಹೇಳಿಕೆಯೂ ತಾಳೆಯಾದ ಮೇಲೆಯೇ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ಇಳಿಜಾರಿನಲ್ಲಿ ಇಳಿದುಹೋದಳು.