ಬೀಡಿ ಕಟ್ಟಿದ ಕೈಯಲ್ಲಿ ಗುಂಡು

ಅಬುಧಾಬಿಯ ಹೆಂಗಸರ ಶೂಟಿಂಗ್ ಕ್ಲಬ್ಬೊಂದರಲ್ಲಿ ನನ್ನದು ಗುಂಡು ತುಂಬುವ ಕೆಲಸ. ಊರಿನವರು ಕೇಳಿದರೆ ನಗುತ್ತಾರೆ, ನಗಲಿ. ಪಿಸ್ತೂಲಿನಲ್ಲಿ ಒಮ್ಮೆ ಹಾರಿಸಿದ ಹಿತ್ತಾಳೆಯ ಕೇಸುಗಳನ್ನು, ಅಂದರೆ ತೋಟಾದ ಖಾಲಿ ಚಿಪ್ಪುಗಳನ್ನು ತೊಳೆದು, ಮತ್ತೆ ಮದ್ದು ಹಾಕಿ, ಹೊಸ ಗುಂಡು ಕೂರಿಸಿ, ಕೇಸಿನ ಬಾಯಿಯನ್ನು ಗುಂಡಿನ ಸುತ್ತ ಒತ್ತಬೇಕು. ಕೊನೆಯ ಎರಡೂ ಕೆಲಸ ಡೈ ಎನ್ನುವ ಒಂದೇ ಉಕ್ಕಿನ ಅಚ್ಚಿನಲ್ಲಿ, ಪ್ರೆಸ್ಸಿನ ಹಿಡಿಯ ಒಂದೇ ಎಳೆತಕ್ಕೆ ಆಗುತ್ತವೆ. ಡೈಯನ್ನು ಸರಿಯಾಗಿ ಹೊಂದಿಸಿದ್ದರೆ ಮಾತ್ರ.

ಆ ವಾರ ಹೊಸ ಬಗೆಯ ಗುಂಡು ಬಂದಿತ್ತು, ಡೈಯನ್ನು ನಾನೇ ಮೊದಲಿನಿಂದ ಹೊಂದಿಸಬೇಕಿತ್ತು. ಹಿಂದಿನ ದಿನ ನಾನು ಮಾಡಿಟ್ಟದ್ದು ಒಂದೂ ಗೇಜಿಗೆ ಇಳಿದಿರಲಿಲ್ಲ. ಗೇಜೆಂದರೆ ಪಿಸ್ತೂಲಿನ ಒಳಗಿನಷ್ಟೇ ಅಳತೆಯ ತೂತಿರುವ ಉಕ್ಕಿನ ತುಂಡು. ಅದಕ್ಕೆ ಇಳಿಯದ್ದು ಪಿಸ್ತೂಲಿಗೂ ಇಳಿಯದು.

ನನ್ನ ಮೇಲ್ವಿಚಾರಕಿ ಮೈಸೂರು ಕಡೆಯವರು, ಕೆಟ್ಟ ಹೆಂಗಸಲ್ಲ. ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತು ಹೇಳಿದರು: "ನೋಡಿ, ಇವತ್ತಿಗೆ ನಿಮ್ಮ ಪ್ರೊಬೇಷನ್ ಮುಗಿಯತ್ತೆ. ಮಧ್ಯಾಹ್ನದೊಳಗೆ ಇಪ್ಪತ್ತು ಗೇಜಿಗೆ ಸರಿಯಾಗಿ ಬೀಳ್ಬೇಕು. ಇಲ್ಲಾಂದ್ರೆ ಖಲಾಸ್ ಕಣ್ರೀ, ನನ್ ಕೈಲಿ ಏನೂ ಇಲ್ಲ."

ಗಂಡನ ಕೆಲಸ ಹೋಗಿತ್ತು. ಅವರ ವೀಸಾ, ಹತ್ತನೆಯ ಕ್ಲಾಸಿನ ಮಗಳ ವೀಸಾ ಎರಡೂ ನನ್ನ ಕೆಲಸದ ಮೇಲೆ ನಿಂತಿದ್ದವು. ಅವಳ ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿತ್ತು. ಈ ಕೆಲಸ ಹೋದರೆ ಅದಕ್ಕೂ ಮೊದಲೇ ಮೂವರೂ ವಿಮಾನ ಹತ್ತಬೇಕು.

ಹಿಡಿ ಎಳೆದೆ. ಗೇಜಿಗೆ ಇಳಿಯಲಿಲ್ಲ. ಡೈಯನ್ನು ತಿರುಗಿಸಿ ಇನ್ನಷ್ಟು ಬಿಗಿ ಮಾಡಿದೆ. ಇಳಿಯಲಿಲ್ಲ. ಇನ್ನೂ ಬಿಗಿ. ಈಗ ಬಾಯಿಯ ಕೆಳಗೆ ಕೇಸೇ ಉಬ್ಬಿ ಬಂತು. ಮದುವೆಗೆ ಮೊದಲು ಉಡುಪಿಯ ಹತ್ತಿರ ಅಮ್ಮನ ಜೊತೆ ವರ್ಷಗಟ್ಟಲೆ ಬೀಡಿ ಕಟ್ಟಿದವಳು ನಾನು. ಬಾಯಿ ಸಡಿಲವಾದ ಬೀಡಿಯನ್ನು, ಕಟ್ಟಿದ್ದನ್ನು ಎಣಿಸಿ ಕೊಳ್ಳುವ ಬ್ರಾಂಚಿನವನು ನಮ್ಮ ಮುಖವನ್ನೂ ನೋಡದೆ ಮುರಿದು ಎಸೆಯುತ್ತಿದ್ದ. ಏನೇ ಕೆಟ್ಟರೂ ಬಾಯಿ ಬಿಗಿ ಮಾಡು ಎನ್ನುವುದೊಂದೇ ನನ್ನ ಕೈಗೆ ಗೊತ್ತು.

ಅಷ್ಟರಲ್ಲಿ ಗಂಡನ ಫೋನು. "ಎಂತ ಆಯ್ತು?"

"ಇನ್ನೂ ಆಗ್ಲಿಲ್ಲ. ಫೋನ್ ಇಡಿ ಮಾರ್ರೆ, ಜೀವ ತಿನ್ಬೇಡಿ."

ಇಟ್ಟ ಮೇಲೆ ಅಳು ಬಂತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ, ಒರೆಸಲು ಸೆರಗೂ ಇಲ್ಲದೆ, ಯೂನಿಫಾರ್ಮಿನ ತೋಳಿನಲ್ಲೇ ಮೂಗು ಒರೆಸಿಕೊಂಡು ಅತ್ತೆ. ಹಾಳಾಗಿ ಹೋಗಲಿ ಎಂದು ಎದ್ದು ಹೋಗಿಬಿಡೋಣ ಅನ್ನಿಸಿತು. ಎದ್ದು ಎಲ್ಲಿಗೆ ಹೋಗುವುದು?

ಕೆಟ್ಟದ್ದೊಂದನ್ನು ದೀಪಕ್ಕೆ ಹಿಡಿದಾಗ ಗುಂಡಿನ ಮೈಮೇಲೆ ಗೀರು ಕಂಡಿತು. ಗುಂಡು ಇನ್ನೂ ಕೆಳಗಿಳಿಯುತ್ತಿರುವಾಗಲೇ ಬಾಯಿ ಅದನ್ನು ಕಚ್ಚಿಕೊಂಡಿತ್ತು. ಅಮ್ಮನೂ ಹೊಗೆಸೊಪ್ಪು ಎಲೆಯೊಳಗೆ ಕೂತ ಮೇಲೆಯೇ ಬೀಡಿಯ ಬಾಯಿ ಮಡಚುತ್ತಿದ್ದದ್ದು. ಅವಸರ ಮಾಡಿದರೆ ಎಲೆ ಹರಿಯುತ್ತಿತ್ತು, ನನ್ನ ತಲೆಗೆ ಮೊಟಕುತ್ತಿದ್ದಳು.

ಮದ್ದಿಲ್ಲದ ಕೇಸೊಂದನ್ನು ತೆಗೆದುಕೊಂಡೆ. ಡೈಯನ್ನು ಬಾಯಿಗೆ ತಾಗದಷ್ಟು ಮೇಲೆತ್ತಿ, ಅದರೊಳಗಿನ ಕಡ್ಡಿಯಿಂದ ಗುಂಡನ್ನು ಬೇಕಾದ ಆಳಕ್ಕೆ ತಳ್ಳಿದೆ, ಅಷ್ಟೇ. ಆಮೇಲೆ ಕಡ್ಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಗುಂಡು ಕೂರಲೆಂದು ಮೊದಲೇ ಅಗಲ ಮಾಡಿದ್ದ ಬಾಯಿ ನೇರವಾಗುವ ತನಕ ಮಾತ್ರ ಡೈಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದೆ. ಡೈಯನ್ನು ಅಲ್ಲೇ ಭದ್ರ ಮಾಡಿ, ಕಡ್ಡಿಯನ್ನು ಮತ್ತೆ ಗುಂಡಿಗೆ ತಾಗಿಸಿ ನಿಲ್ಲಿಸಿದೆ. ಗೇಜಿಗೆ ಹಾಕಿದಾಗ ಟಕ್ ಎಂದು ಇಳಿಯಿತು.

ಇಪ್ಪತ್ತೂ ಇಳಿದವು. ಮೇಲ್ವಿಚಾರಕಿ ಒಂದೊಂದನ್ನೂ ತಾವೇ ಹಾಕಿ ನೋಡಿ, ಆಫೀಸಿಗೆ ಹೋಗಿ ಬಂದರು. "ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದಕ್ಕೆ ಹಾಕಿದಾರೆ. ನಿನ್ನೇದೆಲ್ಲ ವೇಸ್ಟ್ ಆಯ್ತಲ್ಲ, ಅದಕ್ಕೆ. ಇಷ್ಟು ಮಾಡ್ಸೋದ್ರಲ್ಲೇ ಸಾಕ್ಸಾಕಾಯ್ತು ನಂಗೆ."

ಮೂರು ತಿಂಗಳು. ಮಗಳ ಪರೀಕ್ಷೆಗೆ ನಾಲ್ಕು. ಥ್ಯಾಂಕ್ಸ್ ಎಂದೆ.

ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಎಂಬ ಬಡಾವಣೆಯ ಮನೆಗೆ ಬಂದರೆ ಹಾಲ್‌ನಲ್ಲಿ ಮಗಳ ಸೂಟ್‌ಕೇಸು ನಿಂತಿತ್ತು. ಯಾರೂ ಹೇಳದೆಯೇ ಅವಳೇ ತುಂಬಿಟ್ಟಿದ್ದಳು, ಪುಸ್ತಕ ಕೆಳಗೆ, ಬಟ್ಟೆ ಮೇಲೆ. ನಾನು ವಿಷಯ ಹೇಳಿದೆ.

"ಮಮ್ಮಿ, ಕ್ಯಾನ್ ಐ ಅನ್‌ಪ್ಯಾಕ್?" ಎಂದಳು ಮಗಳು.

"ಪುಸ್ತಕ ತೆಗಿ," ಎಂದೆ. "ಬಟ್ಟೆ ಅದ್ರಲ್ಲೇ ಇರ್ಲಿ."